ಆಚೆ ನಿಂತವರು

ವಿಜ್ಞಾನದ ಟೀಚರಿಗೆ ಮಕ್ಕಳು ಇಟ್ಟ ಹೆಸರು ‘ಆಚೆ ಮಿಸ್ಸು’. ಹೆಸರಿಡುವುದರಲ್ಲಿ ಮಕ್ಕಳು ತಪ್ಪುವುದೇ ಇಲ್ಲ. ಟೀಚರಿಗೆ ಕೋಪ ಮೂಗಿನ ತುದಿಯಲ್ಲೇ. ಯಾರಾದರೂ ಕಿಸಕ್ಕೆಂದರೆ ಸಾಕು, ಬೋರ್ಡಿನಿಂದ ತಿರುಗದೆಯೇ ಬೆರಳು ಬಾಗಿಲಿನತ್ತ ಚಾಚಿಕೊಳ್ಳುತ್ತಿತ್ತು: “ನಡಿ ಆಚೆ!” ಹೊಡೆಯುವವರಲ್ಲ, ಬೈಯುವವರೂ ಅಲ್ಲ. ಒಂದೇ ಕೊಠಡಿಯಲ್ಲಿ ಎಪ್ಪತ್ತು ಮಕ್ಕಳನ್ನು ತುರುಕಿದ ಸರ್ಕಾರಿ ಹೈಸ್ಕೂಲಿನಲ್ಲಿ ಪಾಠ ಸಾಗಬೇಕಲ್ಲ! ಉಪಾಯ ಫಲಿಸಿತು. ನೋಡನೋಡುತ್ತ ಉಳಿದ ಮೇಷ್ಟ್ರುಗಳೂ ಅದನ್ನೇ ಹಿಡಿದರು.

ಹೋಂವರ್ಕ್ ಮಾಡದವರು, ಹಸಿದು ತೂಕಡಿಸುವವರು, ಬೋರ್ಡು ಕಾಣದೆ ಪಕ್ಕದವರನ್ನು ಕೇಳಿದವರು, ಜೊತೆಗೆ ಅಸಲಿ ಪುಂಡರು, ಎಲ್ಲರನ್ನೂ ವರಾಂಡಕ್ಕೆ ಸಾಗಹಾಕಿದ್ದಾಯಿತು. ಅಲ್ಲಿ ಹೇಳುವವರು ಕೇಳುವವರು ಯಾರೂ ಇಲ್ಲ. ಅದುವರೆಗೆ ಮುಖಪರಿಚಯವೂ ಇಲ್ಲದವರು ಗೋಡೆಗೊರಗಿ ನಿಂತು ಒಂದಾದರು. ಇಷ್ಟು ಚೊಕ್ಕವಾಗಿ ಗುಂಪು ಕಟ್ಟುವುದು ಯಾವ ಪುಢಾರಿಗೂ ಆಗುತ್ತಿರಲಿಲ್ಲ ಬಿಡಿ.

ಮೊದಲು ನಲ್ಲಿಗಳು ಮುರಿದವು. ಆಮೇಲೆ ಲ್ಯಾಬಿನ ಬೀಗಕ್ಕೆ ಯಾರೋ ಅಂಟು ಸುರಿದರು. ಹೆಡ್‌ಮಾಸ್ಟರ ಸ್ಕೂಟರಿನ ಸೀಟು ಉದ್ದಕ್ಕೂ ಸೀಳಿತ್ತು. ಕಳೆದ ವಾರ ಕಿಟಕಿಯಿಂದ ಕಲ್ಲು ತೂರಿಬಂದು ಗಣಿತದ ಮೇಷ್ಟ್ರ ಹುಬ್ಬಿಗೆ ಹೊಲಿಗೆ ಬಿತ್ತು.

“ಮನೇಲಿ ಕೇಳೋರಿಲ್ಲ ಅವಕ್ಕೆ, ಅದಕ್ಕೇ ಹೀಗೆ,” ಎಂದರು ಆಚೆ ಮಿಸ್ಸು, ಸ್ಟಾಫ್ ರೂಮಿನಲ್ಲಿ. ಗಣಿತದ ಮೇಷ್ಟ್ರು ಏನೋ ಹೇಳಲು ಬಾಯಿ ತೆರೆದು, ಬ್ಯಾಂಡೇಜು ಮುಟ್ಟಿಕೊಂಡು ಕ್ಲಾಸಿಗೆ ಎದ್ದರು.

ಟೀಚರಿಗೆ ಒಬ್ಬಳೇ ಮಗಳು. ಅದೇ ಶಾಲೆಯಲ್ಲಿ ಒಂಬತ್ತನೇ ತರಗತಿ, ಬೇರೆ ಸೆಕ್ಷನ್ನು. ಗಂಡ ಹೋದ ಮೇಲೆ ಅವರ ಜೀವವೆಲ್ಲ ಆ ಹುಡುಗಿಯ ಮೇಲೇ. ಆದರೂ ಸಂಜೆ ಉತ್ತರಪತ್ರಿಕೆ ತಿದ್ದುವಾಗ ಮಗಳು “ಅಮ್ಮಾ, ಒಂದ್ ಮಾತು” ಎಂದರೆ ಕೆಂಪು ಪೆನ್ನು ಬಾಗಿಲು ತೋರಿಸುತ್ತಿತ್ತು. ಇತ್ತೀಚೆಗೆ ಮಗಳು ಮಾತಾಡಿಸುವುದನ್ನೇ ಬಿಟ್ಟಿದ್ದಳು. ದೊಡ್ಡವಳಾದಳು, ಬುದ್ಧಿ ಬಂತು ಎಂದುಕೊಂಡಿದ್ದರು.

ಅಂದು ಮಧ್ಯಾಹ್ನ ವರಾಂಡ ಖಾಲಿಯಿತ್ತು. ಗದ್ದಲ ರೂಢಿಯಾಗಿತ್ತು, ಈ ಮೌನ ಟೀಚರಿಗೆ ಸರಿಕಾಣಲಿಲ್ಲ. ಚಾಕ್ ಇಟ್ಟು ಹೊರಟರು. ಕಟ್ಟಡದ ಹಿಂದೆ, ನೀರಿನ ಟ್ಯಾಂಕಿನ ಮರೆಯಲ್ಲಿ ಪಿಸುಮಾತು ಕೇಳಿಸಿತು.

“ನಾಳೆ ಯಾರ ಕ್ಲಾಸು?”

“ಆಚೆ ಮಿಸ್ಸಿಂದು. ಬೋರ್ಡಿಗೆ ತಿರುಗಿದ್ರೆ ಹಿಂದೆ ನೋಡೋದೇ ಇಲ್ಲ. ಈ ಸಲ ಹುಬ್ಬಿಗಲ್ಲ, ತಲೆಗೇ.”

ಆ ದನಿಗೆ ಮಾತು ಕಲಿಸಿದ್ದೇ ಟೀಚರು.

ಮರೆ ದಾಟಿದರು. ಮಗಳು ಮಡಿಲಲ್ಲಿ ಕಲ್ಲು ಹಾಕಿಕೊಂಡು ಒಳ್ಳೆಯದನ್ನು ಆರಿಸುತ್ತಿದ್ದಳು. ಸುತ್ತ ಕೂತವರು ಯಾರೂ ಓಡಲಿಲ್ಲ, ಎದ್ದು ನಿಲ್ಲಲೂ ಇಲ್ಲ.

“ನೀನ್ಯಾಕೇ ಇಲ್ಲಿ?”

“ಗಣಿತದ ಸರ್ ಆಚೆ ಹಾಕಿದ್ರು. ಈ ವರ್ಷ ಸ್ಕೂಲು ಶುರುವಾದಾಗಿಂದ ಇಲ್ಲೇ ಇದೀನಿ. ಹೇಳೋಕೆ ಬಂದಿದ್ನಲ್ಲ.”

“ಬಾರೇ ಕಂದ, ಒಳಗೆ ಬಾ.” ಇಷ್ಟು ವರ್ಷದಲ್ಲಿ ಒಂದು ಮಗುವಿಗೂ ಟೀಚರು ಆಡದ ಮಾತು ಅದು.

ಮಗಳು ಎದ್ದಳು. ತಾಯಿಯ ಹಾಗೆಯೇ ನೆಟ್ಟಗೆ ಬೆರಳು ಚಾಚಿದಳು.

“ನಡಿ ಆಚೆ.”

ಇನ್ನೊಂದು ಕೈಯಲ್ಲಿ ಕಲ್ಲಿತ್ತು.