ಲಾರಿಗೆ ತೊಡಿಸಿದ ಲಂಗ

ಯಂಜಿಮಾ ಅಂಗಡಿಯವನ ಎದೆಯ ಮೇಲೆ ಕೂತು ಹೀಟರ್ ಆಯ್ದುಕೊಂಡಳು ಎಂದು ನಮ್ಮ ಲಾರಿಯವರು ಈಗಲೂ ಹೇಳುತ್ತಾರೆ. ಹಾಗೇನೂ ಆಗಲಿಲ್ಲ, ನಾನು ಪಕ್ಕದಲ್ಲೇ ಇದ್ದೆ. ಅವಳು ಬರೀ ಪ್ರಶ್ನೆ ಕೇಳಿದಳು, ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ. ಕೊನೆಗೆ ಅಂಗಡಿಯವನೇ ಸುಸ್ತಾಗಿ ಕುರ್ಚಿ ಎಳೆದುಕೊಂಡು ಕೂತ.

ಅವಳು ನನ್ನ ಜೊತೆಗಾರ ಗೊಂಚಿಗನ ಹೆಂಡತಿ. ದಲಂಝದ್‌ಗದ್ ಪೇಟೆಯಲ್ಲಿ ನಿಲುವಂಗಿ ಹೊಲಿಯುತ್ತಾಳೆ. ನಾನೂ ಗೊಂಚಿಗನೂ ಗೋಬಿ ಮರುಭೂಮಿಯ ಗಣಿಯಿಂದ ಚೀನಾ ಗಡಿಗೆ ಕಲ್ಲಿದ್ದಲು ಸಾಗಿಸುವವರು. ದಾರಿ ಒಂದೇ ದಿನದ್ದು, ಗಡಿಯ ಮುಂದಿನ ಸಾಲು ಮಾತ್ರ ಐದು ದಿನದ್ದು, ಒಮ್ಮೊಮ್ಮೆ ಎಂಟು. ಹೊರಗೆ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿನ ಚಳಿ. ಅಷ್ಟೂ ದಿನ ಸೀಟಿನ ಹಿಂದಿನ ಹಲಗೆಯ ಮೇಲೆ ಮಲಗಿಯೇ ಕಳೆಯಬೇಕು. ಸಾಲು ಯಾವ ಹೊತ್ತಿಗೆ ಜರುಗುತ್ತದೋ ಹೇಳಲಾಗದು, ಆದ್ದರಿಂದ ಹಗಲೋ ರಾತ್ರಿಯೋ ನೋಡದೆ ನಿದ್ದೆ.

ಹೀಟರ್ ಕೊಳ್ಳುವುದಕ್ಕೆ ಹಿಂದಿನ ಚಳಿಗಾಲ ಯಂಜಿಮಾಳ ತಮ್ಮ ರಿಂಚಿನ್ ಅದೇ ಸಾಲಿನಲ್ಲಿ ಕ್ಯಾಬಿನ್ನಿನೊಳಗೆ ಗ್ಯಾಸ್ ಒಲೆ ಹಚ್ಚಿಟ್ಟು ಮಲಗಿದ. ಸಾಲು ಮುಂದೆ ಹೋಯಿತು, ಅವನ ಲಾರಿ ಹೋಗಲಿಲ್ಲ. ಹಿಂದಿನ ಲಾರಿಯವನು ಬೈಯುತ್ತ ಹಾರ್ನ್ ಹೊಡೆದೇ ಹೊಡೆದ. ಆ ಹಿಂದಿನವನು ನಾನೇ.

ಅಂದಿನಿಂದ ಅವಳಿಗೆ ಒಂದೇ ಭಯ, ಗೊಂಚಿಗನೂ ಮಲಗಿದವನು ಏಳಲಿಕ್ಕಿಲ್ಲ ಎಂದು. ಹೀಟರ್ ಆಯ್ದು ಕೊಳ್ಳುವ ಕೆಲಸವನ್ನು ಗಂಡನ ಕೈಗೆ ಬಿಡಲಿಲ್ಲ. ಉರಿಗೆ ಬೇಕಾದ ಗಾಳಿ ಕ್ಯಾಬಿನ್ನಿನದೋ ಹೊರಗಿನದೋ ಎಂದು ಮೂರು ಸಲ ಕೇಳಿದಳು. ಡೀಸೆಲ್ ಹೀಟರು ಕ್ಯಾಬಿನ್ನಿನ ನೆಲದ ಕೆಳಗಿನಿಂದ ಗಾಳಿ ಎಳೆದುಕೊಂಡು ಹೊಗೆಯನ್ನೂ ನೆಲದ ಕೆಳಗೇ ಬಿಡುತ್ತದೆ, ಒಳಗೆ ಬರುವುದು ಶಾಖ ಮಾತ್ರ ಎಂದು ಅಂಗಡಿಯವನು ವಿವರಿಸಿದ. ಅವಳು ನಂಬಲಿಲ್ಲ. ಕೊಳವೆಗೆ ಬಾಯಿಟ್ಟು ಊದಿ, ಗಾಳಿ ಎಲ್ಲಿಂದ ಬರುತ್ತದೆಂದು ಅಂಗೈ ಒಡ್ಡಿ ನೋಡಿದಳು.

ಆಮೇಲೆ ಗಾತ್ರದ ಮಾತು ಬಂತು. ಐದು ಕಿಲೋವಾಟಿನದು ಕೊಳ್ಳಿ, ಎಲ್ಲರೂ ಅದನ್ನೇ ಒಯ್ಯುತ್ತಾರೆ ಎಂದು ಅಂಗಡಿಯವನು ಹೇಳಿದ. ನನ್ನ ಬಾಯಿ ಸುಮ್ಮನಿರುವುದೆಲ್ಲಿ, ನಾನೂ ತಾಳ ಹಾಕಿದೆ.

"ಎರಡು ಕಿಲೋವಾಟಿಂದು ಇಲಿಮರಿಗೆ ಸಾಕು ಅಕ್ಕ. ಗೊಂಚಿಗಣ್ಣ ಇಲಿಮರೀನಾ?"

"ನೀನು ಯಾವತ್ತಾದ್ರೂ ಒಲೆ ಮುಂದೆ ಕೂತಿದ್ಯಾ ಸಾಮ್ದನ್?" ಎಂದಳು. "ದೊಡ್ಡ ಒಲೇಲಿ ಸಣ್ಣ ಉರಿ ಇಟ್ರೆ ಬರೀ ಹೊಗೆ, ಬರೀ ಮಸಿ. ಆ ಗೂಡಿನಂಥ ಕ್ಯಾಬಿನ್ನಿಗೆ ನಿನ್ನ ದೊಡ್ಡ ಹೀಟರು ಯಾವಾಗ್ಲೂ ಅರೆಬರೆ ಉರೀತಾ ಇರುತ್ತೆ. ಚಿಕ್ಕದು ತುಂಬಿ ಉರೀಲಿ."

ಅಂಗಡಿಯವನು ತಲೆ ತಗ್ಗಿಸಿ, ಹೌದು, ಮಸಿ ಕಟ್ಟಿ ವಾಪಸು ಬರುವುದೆಲ್ಲ ದೊಡ್ಡವೇ ಎಂದು ಒಪ್ಪಿಕೊಂಡ. ಅವಳು ಚಿಕ್ಕದನ್ನು ಕೊಂಡಳು. ನಾನು ಹಟಕ್ಕೆ ಬಿದ್ದು ದೊಡ್ಡದನ್ನು ಕೊಂಡೆ. ಹೆಂಗಸು ಹೇಳಿದ್ದನ್ನು ಕೇಳಿದ ಎಂದು ಯಾರಾದರೂ ಆಡಿಕೊಂಡರೆ ಎಂಬ ಭಯ ನನಗೆ.

ಅಷ್ಟಕ್ಕೇ ಅವಳ ಆತಂಕ ಇಳಿಯಲಿಲ್ಲ. ಚಿಕ್ಕದು ಸಾಲದೆ ಹೋದರೆ? ಚಳಿ ತಾಳಲಾರದೆ ಗಂಡ ಮತ್ತೆ ಗ್ಯಾಸ್ ಒಲೆ ಹಚ್ಚಿದರೆ? ಚಳಿಗಾಲದಲ್ಲಿ ನಾವು ಗುಡಾರದ ಬುಡದ ಸುತ್ತ ಉಣ್ಣೆಯ ದಪ್ಪ ಕಂಬಳಿ ಪಟ್ಟಿ ಕಟ್ಟುತ್ತೇವೆ, ನೆಲದ ಗಾಳಿ ಒಳಗೆ ನುಗ್ಗಬಾರದೆಂದು. ಅವಳು ಲಾರಿಗೂ ಅಂಥದ್ದೇ ಒಂದು ಹೊಲಿದಳು. ನಿಂತಾಗ ಕ್ಯಾಬಿನ್ನಿನ ಸುತ್ತ ನೆಲ ಮುಟ್ಟುವಂತೆ ಇಳಿಬಿಟ್ಟರೆ ಕೆಳಗೆ ಗಾಳಿ ಸುಳಿಯುವುದಿಲ್ಲ. ಅಂಚಿಗೆ ದೀರ್ಘಾಯುಷ್ಯದ ಗಂಟಿನ ಚಿತ್ರ ಬೇರೆ. ಲಾರಿಗೆ ಲಂಗ ತೊಡಿಸಿದ್ದಾಳೆ ಎಂದು ಮೊದಲು ನಕ್ಕವನು ನಾನು. ಒಂದು ದಿನ ಒಳಗೆ ಕೂತು ನೋಡಿ, ನನಗೂ ಒಂದು ಹೊಲಿದುಕೊಡಕ್ಕ ಎಂದು ಮೊದಲು ಅಂಗಲಾಚಿದವನೂ ನಾನೇ. ಚಳಿಗಾಲದ ನಡುವಿಗೆ ಸಾಲಿನಲ್ಲಿ ಏಳು ಲಾರಿಗಳು ಅವಳ ಲಂಗ ತೊಟ್ಟಿದ್ದವು.

ಬೆಳಿಗ್ಗೆ ಬೆಳಿಗ್ಗೆ ಅವಳು ಗಂಡನಿಗೆ ಫೋನು ಮಾಡುತ್ತಿದ್ದಳು. "ಚೆನ್ನಾಗಿ ನಿದ್ದೆ ಬಂತಾ?" ಎನ್ನುವುದು ನಮ್ಮ ಕಡೆಯ ನಮಸ್ಕಾರ. ಅದಕ್ಕೆ "ಚೆನ್ನಾಗಿ ಬಂತು" ಎನ್ನುವುದೊಂದೇ ಉತ್ತರ. ಕಾಲು ಮುರಿದುಕೊಂಡು ಬಿದ್ದವನೂ ಅದನ್ನೇ ಹೇಳುತ್ತಾನೆ, ಕೆಟ್ಟದ್ದನ್ನು ಬಾಯಲ್ಲಿ ಆಡಿದರೆ ಅದು ಮನೆ ಹುಡುಕಿಕೊಂಡು ಬರುತ್ತದೆಂದು. ನನಗೆ ಎದ್ದಾಗ ತಲೆ ಸಿಡಿಯಲು ಶುರುವಾಗಿ ಮೂರು ವಾರವಾಗಿತ್ತು. ಗೊಂಚಿಗನಿಗೂ ಹಾಗೇ ಆಗುತ್ತಿತ್ತಂತೆ. ಅವನು ನನಗೆ ಹೇಳಲಿಲ್ಲ, ನಾನು ಅವನಿಗೆ ಹೇಳಲಿಲ್ಲ. ಹೇಳಿದ್ದರೂ "ಬಿಡ್ತು ಅನ್ನು" ಎಂದು ಬಾಯಿ ಮುಚ್ಚಿಸುತ್ತಿದ್ದರು. ಏಳು ಗಂಡಸರು ಏಳು ತಲೆನೋವು ಹೊತ್ತುಕೊಂಡು ಒಬ್ಬರಿಗೊಬ್ಬರು "ಚೆನ್ನಾಗಿ ಬಂತು" ಎಂದು ನಗುತ್ತಿದ್ದೆವು.

ಒಂದು ಬೆಳಿಗ್ಗೆ ಗೊಂಚಿಗ ಫೋನಿನಲ್ಲಿ, ಕುರಿಗೆ ಹುಲ್ಲು ಹಾಕಿದ್ಯಾ ಎಂದು ಅವಳನ್ನು ಮೂರು ಸಲ ಕೇಳಿದ. ನಾಲಿಗೆ ಕುಡಿದವನ ಹಾಗೆ ತೊದಲುತ್ತಿತ್ತು. ರಿಂಚಿನ್ ಸತ್ತಾಗಿನಿಂದ ಅವನು ಕುಡಿತ ಮುಟ್ಟಿರಲಿಲ್ಲ. ಅವಳು ಹೊಲಿಗೆ ಅಲ್ಲೇ ಬಿಟ್ಟು, ಗಡಿಯ ಕಡೆ ಹೊರಟಿದ್ದ ಲಾರಿ ಹತ್ತಿದಳು. ಹೀಟರಿನಲ್ಲೇ ದೋಷ, ಕಿತ್ತು ಅಂಗಡಿಯವನ ತಲೆಗೆ ಎಸೆಯಬೇಕು ಎಂದುಕೊಂಡು ಸ್ಪ್ಯಾನರು ಜೊತೆಗಿಟ್ಟುಕೊಂಡಿದ್ದಳು.

ಮುಂದಿನದನ್ನು ನಾನು ಕಣ್ಣಾರೆ ಕಂಡಿಲ್ಲ, ಗೊಂಚಿಗ ಹೇಳಿದ್ದು. ಅವಳು ಬಂದಾಗ ಸಂಜೆಯಾಗುತ್ತಿತ್ತು. ಗಂಡನನ್ನು ಎಬ್ಬಿಸಿ ಕೆಳಗಿಳಿಸಿದಳು. ಅವನು ಚಕ್ರಕ್ಕೆ ಒರಗಿ ವಾಂತಿ ಮಾಡಿದ. ಅವಳು ಹೀಟರಿನ ಕೊಳವೆ ನೋಡಲೆಂದು ಹಿಮದಲ್ಲಿ ಮೊಣಕಾಲೂರಿ ಕಂಬಳಿ ಎತ್ತಿದಳು. ಹೊಗೆ ಮುಖಕ್ಕೆ ಬಡಿಯಿತು. ಅವಳು ಹೊಲಿದ ಬಿಳಿ ಕಂಬಳಿಯ ಒಳಮೈ ಕಪ್ಪಾಗಿತ್ತು. ಹೊರಗೆ ಹೋಗಲು ದಾರಿಯಿಲ್ಲದ ಹೊಗೆ ಹಳೇ ಲಾರಿಯ ನೆಲದ ಬಿರುಕುಗಳಿಂದ ಮೇಲೇರಿ ಮಲಗುವ ಹಲಗೆಗೆ ಹೋಗುತ್ತಿತ್ತು.

"ಗುಡಾರಕ್ಕೆ ನೆತ್ತೀಲಿ ಹೊಗೆಗಂಡಿ ಇರುತ್ತೆ" ಎಂದಳಂತೆ ಮೆಲ್ಲಗೆ. "ಇದಕ್ಕೆಲ್ಲಿದೆ?"

ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ ಎಂದು ಗೊಂಚಿಗ ಹೇಳುತ್ತಾನೆ. ಗಂಡನನ್ನು ಕೊಲ್ಲುತ್ತಿದ್ದದ್ದು ಹೀಟರಲ್ಲ, ತನ್ನ ಹೊಲಿಗೆ. ಅದೂ ಒಬ್ಬನನ್ನಲ್ಲ. ಗೊಂಚಿಗನ ಸೊಂಟದ ಚಾಕು ಕಿತ್ತುಕೊಂಡು ಮೊದಲು ಅವನ ಲಂಗ ಕೊಯ್ದಳು. ಆಮೇಲೆ ಸಾಲಿನುದ್ದಕ್ಕೂ ಓಡಿದಳು. ಎರಡನೆಯದು, ಮೂರನೆಯದು. ಬಾಗಿಲು ಬಡಿದು, ಬೈದು, ಕೊಯ್ದಳು. ಐದನೆಯವನು ತನ್ನ ಹೊಸ ಕಂಬಳಿ ಹಾಳಾಯಿತೆಂದು ಜಗಳಕ್ಕೇ ಬಂದನಂತೆ. ಆರನೆಯವನು ನಗುತ್ತ ಇಳಿದವನು ಅಲ್ಲೇ ಕುಸಿದು ಕೂತ. ಏಳನೆಯ ಲಾರಿ ಎಲ್ಲಕ್ಕಿಂತ ಮುಂದೆ, ಎರಡು ಕಿಲೋಮೀಟರ್ ಆಚೆ ಇತ್ತು. ಅದರ ಮುಂದೆ ಸಾಲು ಜರುಗಿ ಜಾಗ ಖಾಲಿಯಾಗಿತ್ತು. ಹಿಂದಿನವನು ಬೈಯುತ್ತ ಹಾರ್ನ್ ಹೊಡೆಯುತ್ತಿದ್ದ.

ಆ ಲಾರಿ ನನ್ನದು. ದೊಡ್ಡ ಹೀಟರು ಸಣ್ಣ ಉರಿಯಲ್ಲಿ ಮಸಿ ಕಕ್ಕುತ್ತಿತ್ತು, ಬಾಗಿಲಿಗೆ ಒಳಗಿನಿಂದ ಬೀಗ. ನನ್ನದೇ ಲಾರಿಯ ಕಲ್ಲಿದ್ದಲಿನ ಗಟ್ಟಿ ಎತ್ತಿ ಗಾಜು ಒಡೆದಳಂತೆ.

ಕಣ್ಣು ಬಿಟ್ಟಾಗ ನಾನು ಹಿಮದ ಮೇಲಿದ್ದೆ, ಕೆಳಗೆ ಕೊಯ್ದ ಕಂಬಳಿ. ಯಂಜಿಮಾ ನನ್ನ ಮೇಲೆ ಬಗ್ಗಿದ್ದಳು. ಮುಂಗೈಯಿಂದ ರಕ್ತ ತೊಟ್ಟಿಕ್ಕುತ್ತಿತ್ತು. ನನಗೆ ಎಚ್ಚರವಿದೆಯೋ ಇಲ್ಲವೋ ಎಂದು ಅವಳಿಗೆ ತಿಳಿಯಬೇಕಿತ್ತು, ಬಾಯಿಗೆ ಬಂದದ್ದು ದಿನದ ಮಾತು.

"ಸಾಮ್ದನ್, ಚೆನ್ನಾಗಿ ನಿದ್ದೆ ಬಂತಾ?"

"ಚೆನ್ನಾಗಿ ಬಂತು ಅಕ್ಕ" ಎಂದೆ.

ಕಪಾಳಕ್ಕೆ ಬಿಗಿದಳು. ಆ ಏಟು ಇವತ್ತಿಗೂ ನೆನಪಿದೆ. ಮತ್ತೆ ಅದೇ ಪ್ರಶ್ನೆ ಕೇಳಿದಳು.

"ಇಲ್ಲ" ಎಂದೆ. "ತಲೆ ಒಡೀತಾ ಇದೆ. ತುಂಬಾ ದಿನದಿಂದ."

ಅವಳು ಹಿಮದಲ್ಲಿ ಕುಕ್ಕರಿಸಿ ಗಟ್ಟಿಯಾಗಿ ಅತ್ತಳು, ತಮ್ಮನನ್ನು ಮಣ್ಣು ಮಾಡಿದ ದಿನವೂ ಅಳದಿದ್ದವಳು.

"ಇನ್ನೊಂದ್ಸಲ ಹೇಳು" ಎಂದಳು. ಹೇಳಿದೆ.