ಕೆ ಪ್ರಶ್ನೆಯ ಹಾಳೆಗೆ ಎರಡನೇ ಸಹಿ

ಇಪ್ಪತ್ತೆರಡು ವರ್ಷಗಳಿಂದ ಕ್ಯಾಲಿಫೋರ್ನಿಯಾದ ಆ ಪುಟ್ಟ ಊರಿನ ಗ್ರಂಥಾಲಯದಲ್ಲಿ ಮತಪತ್ರ ಬಿಡಿಸಿ ಹೇಳುತ್ತಿದ್ದವಳು ಆರ್ಲೀನ್ ಪ್ರೂಯಿಟ್ ಒಬ್ಬಳೇ. ಅಧ್ಯಕ್ಷರಿಂದ ಒಳಚರಂಡಿ ಮಂಡಳಿಯವರೆಗೆ ಹೆಸರುಗಳ ಸಾಲು, ಅದರ ಮೇಲೆ ಜನರೇ ಹೌದು-ಇಲ್ಲ ಎಂದು ಮತ ಹಾಕಿ ತೀರ್ಮಾನಿಸಬೇಕಾದ ಹದಿನೇಳು ಪ್ರಶ್ನೆ; ಊರಿನ ಪ್ರಶ್ನೆಗಳಿಗೆ ಜೆ, ಕೆ ಎಂದು ಅಕ್ಷರಗಳೇ ಹೆಸರು. ಒಂದೊಂದಕ್ಕೂ ಪರವಾಗಿ ಮೂರು ನಿಮಿಷ, ವಿರೋಧವಾಗಿ ಮೂರು ನಿಮಿಷ. ಮೊಟ್ಟೆ ಬೇಯಿಸುವ ಗಡಿಯಾರ ಕಿಣಿಗುಟ್ಟಿದರೆ ಮುಗಿಯಿತು. ಆಕೆಯ ಮತ ಯಾವ ಕಡೆ ಎಂದು ತಿಳಿಯದೆಯೇ ಗಂಡ ತೀರಿಕೊಂಡಿದ್ದ.

ಈ ವರ್ಷ ಶಾಲಾ ಶಿಕ್ಷಕಿ ಡೆಲ್ಫೀನಾ ಒಚೋವಾ ಸೇರಿಕೊಂಡಳು. ನಕ್ಕು ನಗಿಸಿ ಹೇಳುತ್ತಿದ್ದಳು. ಹತ್ತು ಕುರ್ಚಿಯೂ ತುಂಬದಿದ್ದ ಕೋಣೆಗೆ ಈಗ ನಲವತ್ತು ಜನ. ಅವಳು ತಂದ ಸಿಹಿ ಬನ್ನು ಕ್ಷಣದಲ್ಲಿ ಖಾಲಿ. ಆರ್ಲೀನಳ ನಿಂಬೆ ಕೇಕು ತಟ್ಟೆಯಲ್ಲೇ ಒಣಗುತ್ತಿತ್ತು.

"ಬೇಜಾರ್ ಮಾಡ್ಕೋಬೇಡಿ ಆರ್ಲೀನ್, ಈ ಹುಡ್ಗಿ ಹೇಳಿದ್ರೆ ನಿದ್ದೇನೇ ಬರಲ್ಲ," ಎಂದ ಮುದುಕ ಮರ್ಲ್.

"ನಿಮ್ಮ ಗೊರಕೆ ಇಪ್ಪತ್ತೆರಡು ವರ್ಷ ಕೇಳಿದೀನಿ, ಮರ್ಲ್."

ಮಾತಲ್ಲಿ ಗೆದ್ದಳು, ಆದರೆ ಎದೆಯೊಳಗಿನ ಉರಿ ಆರಲಿಲ್ಲ.

ಪ್ರಶ್ನೆಗಳನ್ನು ವಿವರಿಸಿ ಸಭೆಯಲ್ಲಿ ಹಂಚುವ ಯಾವ ಹಾಳೆಗೂ ಇಬ್ಬರ ಸಹಿ ಬೇಕೆಂಬುದು ಅವರ ಪದ್ಧತಿ: ಬರೆದವರದೊಂದು, ಓದಿ ತಿದ್ದಿದವರದೊಂದು. ಮಂಗಳವಾರ ಡೆಲ್ಫೀನಾ ಹಾಳೆ ತಂದಳು.

"ಒಂದ್ಸಲ ಸರಿಯಾಗಿ ನೋಡ್ತೀರಾ? ಕೆ ಪ್ರಶ್ನೆ ನನ್ನ ತಲೇನೇ ತಿರುಗಿಸ್ಬಿಡ್ತು."

"ನಿಮಗೆ ನಾನೇನು ಹೇಳ್ಕೊಡೋದು ಬಿಡಿ," ಎಂದು ಆರ್ಲೀನ್ ಕನ್ನಡಕವನ್ನೂ ಹಾಕದೆ ಸಹಿ ಗೀಚಿದಳು.

ಗುರುವಾರದ ಸಭೆಗೆ ಜನ, ತುಂಬಿ ವಾಪಸ್ ಕಳಿಸಲೆಂದು ಮನೆಗೆ ಅಂಚೆಯಲ್ಲಿ ಬಂದಿದ್ದ ಮತಪತ್ರಗಳನ್ನೇ ಹಿಡಿದು ಬಂದರು. ಹಿಂದಿನ ಸಾಲಿನಲ್ಲಿ ಕುಳಿತ ಆರ್ಲೀನ್ ಆಗ ಹಾಳೆ ಓದಿದಳು. ಹುಲ್ಲುಹಾಸಿಗೆ ಬೇಸಿಗೆಯಲ್ಲಿ ನೀರು ಬಿಡಬಾರದೆಂದು ನಗರಸಭೆ ನಿಯಮ ಮಾಡಿತ್ತು. ಒಪ್ಪದವರು ಸಹಿ ಸಂಗ್ರಹಿಸಿ ಅದನ್ನು ಮತಕ್ಕೆ ತಂದಿದ್ದರು. ಅದೇ ಕೆ ಪ್ರಶ್ನೆ. ಹೌದು ಎಂದರೆ ನಿಯಮ ಉಳಿಯುತ್ತದೆ. ಹಾಳೆಯಲ್ಲಿ ಮಾತ್ರ, ಹೌದು ಎಂದರೆ ನಿಯಮ ರದ್ದು ಎಂದಿತ್ತು.

ಡೆಲ್ಫೀನಾ ಸಿಕ್ಕಿಬಿದ್ದಳು! ಆರ್ಲೀನಳ ಬಾಯಲ್ಲಿ ಸಕ್ಕರೆ ಕರಗಿದಂತಾಯಿತು. ನಾಳೆ ಊರೆಲ್ಲ ಆಡಿಕೊಳ್ಳಲಿ. ಆದರೆ ಮುಂದೆ ಕುಳಿತಿದ್ದ ಮರ್ಲ್ ಹಾಳೆಯ ಮೇಲೆ ಬೆರಳಿಟ್ಟುಕೊಂಡು ಪೆನ್ನಿನ ಮುಚ್ಚಳ ತೆಗೆಯುತ್ತಿದ್ದ. ಆ ಸಹಿ ಸಂಗ್ರಹಕ್ಕೆ ಬೇಸಿಗೆಯಿಡೀ ಅಂಗಡಿ ಬಾಗಿಲಲ್ಲಿ ನಿಂತವನು ಅವನೇ. ಹಾಳೆ ನಂಬಿ ಹೌದು ಎಂದು ಗುರುತು ಹಾಕಿದರೆ ಅವನ ಮತ ಅವನಿಗೇ ತಿರುಗುತ್ತಿತ್ತು.

ಆಕೆ ಎದ್ದಳು.

"ಎಲ್ರೂ ಪೆನ್ನು ಕೆಳಗಿಡಿ. ಕೆ ಪ್ರಶ್ನೆ ತಲೆಕೆಳಗಾಗಿದೆ. ಹೌದು ಅಂದ್ರೆ ನಿಯಮ ಇರತ್ತೆ, ಇಲ್ಲ ಅಂದ್ರೆ ಹೋಗತ್ತೆ."

ಡೆಲ್ಫೀನಾ ಕೈಯಲ್ಲಿದ್ದ ಹಾಳೆಯನ್ನು ಮತ್ತೆ ಓದತೊಡಗಿದಳು. "ಎಷ್ಟಾದ್ರೂ ಹೊಸಬ್ರು ಹೊಸಬ್ರೇ," ಎಂದಿತು ಯಾವುದೋ ದನಿ. ತಿಂಗಳಿಂದ ಆರ್ಲೀನ್ ಕೇಳಬೇಕೆಂದು ಕಾಯುತ್ತಿದ್ದ ಮಾತು. ಅಲ್ಲಿಗೇ ಕೂತುಬಿಡಬಹುದಿತ್ತು.

"ತಿದ್ದೋ ಕೆಲ್ಸ ನಂದು," ಎಂದಳು. "ಕೆಳಗೆ ನೋಡಿ, ನನ್ನ ಸಹಿ. ಓದದೇ ಹಾಕ್ದೆ."

"ಯಾಕ್ರೀ?" ಮರ್ಲ್ ತಿರುಗಿದ.

"ಇವಳು ಬಂದಾಗಿಂದ ನನ್ನ ಕೇಕು ಯಾರೂ ಮುಟ್ಟಿಲ್ಲ, ಅದಕ್ಕೆ!"

ಕೋಣೆ ನಕ್ಕಿತು. ಡೆಲ್ಫೀನಾ ನಗಲಿಲ್ಲ. ನಲವತ್ತು ಹಾಳೆಗಳನ್ನೂ ವಾಪಸ್ ತೆಗೆದುಕೊಂಡು, ತಿದ್ದಿ, ಒಂದೊಂದಾಗಿ ಆರ್ಲೀನಳ ಮುಂದಿಟ್ಟಳು. ಆರ್ಲೀನ್ ಕನ್ನಡಕ ಹಾಕಿಕೊಂಡು ನಲವತ್ತನ್ನೂ ಓದಿ ಸಹಿ ಮಾಡಿದಳು. ಸಭೆ ಮುಗಿದಾಗ ಚಪ್ಪಾಳೆ ಡೆಲ್ಫೀನಾಳಿಗೇ ಬಿತ್ತು. ಆ ಹಳೆಯ ಉರಿ ಇನ್ನೂ ಇತ್ತು; ಆರ್ಲೀನ್ ತನ್ನ ಕೇಕಿನ ತಟ್ಟೆಯತ್ತ ನೋಡಿದಳು. ಒಂದು ತುಂಡು ಕಡಿಮೆಯಾಗಿತ್ತು.