ಅಕ್ಕನ ಪೈಪು, ತಮ್ಮನ ಮೆಷಿನ್

ಟ್ಯಾಕ್ಸಿ ಡ್ರೈವರುಗಳೆಲ್ಲ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಕಾರು ತೊಳೆಯುವ ಶೆಡ್ಡು ಗಂಡನದ್ದು. ಅವನು ತೀರಿಕೊಂಡ ಮೇಲೆ ಅವನ ರಬ್ಬರ್ ಬೂಟಿಗೆ ಬಟ್ಟೆ ತುರುಕಿ, ತಾನೇ ಹಾಕಿಕೊಂಡು ನಿಂತಳು. ಸೀಟಿನ ಸಂದಿಯಲ್ಲಿ ಹುಳಿತ ಹಾಲು, ಕುಡುಕರ ವಾಂತಿ, ಮ್ಯಾಟಿನಡಿ ಕೊಳೆತ ಬಾಳೆಹಣ್ಣು. ಊರವರ ಹೊಲಸೆಲ್ಲ ಅವಳ ಕೈಮೇಲೆ ಹಾದುಹೋಗುತ್ತಿತ್ತು. ಅಭ್ಯಾಸವಾದರೆ ಅಸಹ್ಯ ಹೋಗುತ್ತದೆ ಅನ್ನುತ್ತಾರಲ್ಲ, ಅದು ಸುಳ್ಳು. ಬಾಯಲ್ಲಿ ಉಸಿರಾಡುವುದನ್ನು ಕಲಿತಿದ್ದಳು, ಅಷ್ಟೆ.

ಅವಳ ಕೆಲಸ ನಿಧಾನದ್ದು. ಪೈಪಿನಿಂದ ಸಣ್ಣಗೆ ನೀರು ಹರಿಸಿ ಕೆಸರು ನೆನೆಯಲು ಬಿಡುವಳು. ಆಮೇಲೆ ಮೇಲಿನಿಂದ ಕೆಳಕ್ಕೆ ಬಟ್ಟೆಯಲ್ಲಿ ಒರೆಸುವಳು. ಕಾರುಗಳು ಹೆಚ್ಚಾದಾಗ ಕೆಲಸವಿಲ್ಲದೆ ಅಲೆಯುತ್ತಿದ್ದ ತಮ್ಮನನ್ನು ಜೊತೆಗೆ ಸೇರಿಸಿಕೊಂಡಳು. ಅವನು ಬಂದ ಕೆಲವೇ ದಿನಕ್ಕೆ ನೀರನ್ನು ರಭಸದಿಂದ ಚಿಮ್ಮಿಸುವ ಪ್ರೆಶರ್ ಮೆಷಿನ್ ತಂದಿಟ್ಟ.

"ನಿನ್ನ ಪೈಪು ಗಿಡಕ್ಕೆ ನೀರು ಹಾಕೋಕೆ ಸರಿ ಕಣಕ್ಕ. ಇದನ್ನ ನೋಡು, ಗನ್ ಒತ್ತಿದ್ರೆ ಸಾಕು."

"ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕೋ?" ಎಂದಳು. ಆದರೂ ತಡೆಯಲಿಲ್ಲ.

ಮೊದಲು ಬಂದದ್ದು ಕೋಳಿ ಸಾಗಿಸುವ ವ್ಯಾನು. ಅದರ ಪಂಜರಗಳಿಗೆ ತಮ್ಮ ನೇರವಾಗಿ ಗನ್ ಹಿಡಿದ. ಒಣಗಿ ಅಂಟಿದ್ದ ಹಿಕ್ಕೆಯೆಲ್ಲ ಹನಿಹನಿಯಾಗಿ ಎದ್ದು ಶೆಡ್ಡನ್ನೇ ತುಂಬಿತು. ಗೋಡೆಗೆ, ಒಣಹಾಕಿದ ಬಟ್ಟೆಗೆ, ಮಾತಾಡಲು ಬಾಯಿ ತೆರೆದಿದ್ದ ಅವಳ ನಾಲಿಗೆಗೆ. ಒಂದು ಒದ್ದೆ ಪುಕ್ಕ ತುಟಿಗೆ ಬಂದು ಅಂಟಿತು. ಸಂಜೆಯವರೆಗೂ ಉಗಿದಳು. ತಮ್ಮ ಮಾತ್ರ ನಗುತ್ತ, "ಸ್ನಾನ ಮಾಡಿದ್ರೆ ಹೋಯ್ತು ಬಿಡಕ್ಕ" ಅಂದ.

ಒಂದು ದಿನ ಮುದುಕ ದರ್ಜಿಯೊಬ್ಬರು ತಮ್ಮ ನೀಲಿ ಕಾರನ್ನು ಅವಳ ಕೈಗೆ ಒಪ್ಪಿಸಿ ಹೋದರು. ಹಳೆಯ ಕಾರು, ಆದರೆ ಮಗುವಿನ ಹಾಗೆ ನೋಡಿಕೊಂಡಿದ್ದರು. ಬಾನೆಟ್ ಮೇಲೆ ಹಕ್ಕಿ ಹಿಕ್ಕೆ ಒಣಗಿತ್ತು. ಅವಳು ಅದರ ಮೇಲೆ ಒದ್ದೆ ಬಟ್ಟೆ ಹಾಸಿ, ನೆನೆಯಲೆಂದು ಬಿಟ್ಟು, ಚಹಾ ಕುಡಿಯಲು ರಸ್ತೆ ದಾಟಿದಳು. ಕಾಯುವ ತಾಳ್ಮೆ ತಮ್ಮನಿಗೆಲ್ಲಿ? ಬಟ್ಟೆ ಕಿತ್ತೆಸೆದು, ಗನ್ನಿನ ಮೂತಿಯನ್ನು ಗೇಣು ದೂರಕ್ಕೆ ತಂದು ಒತ್ತಿದ. ಅವಳು ಲೋಟ ಕೆಳಗಿಟ್ಟು "ಬೇಡ ಕಣೋ" ಎಂದು ಆಚೆಯಿಂದ ಕೂಗುವಷ್ಟರಲ್ಲಿ ಹಿಕ್ಕೆಯ ಜೊತೆಗೆ ಅಂಗೈಯಗಲ ಪೇಂಟೂ ಎದ್ದುಹೋಯಿತು.

ದರ್ಜಿ ಬಂದು ಆ ಜಾಗವನ್ನು ಬೆರಳಿಂದ ಮುಟ್ಟಿ ನೋಡಿದರು.

"ಒಳಗೆ ತುಕ್ಕು ತಿಂದಿತ್ತು ಸಾರ್. ನಾನು ಬರೀ ನೀರು ಬಿಟ್ಟೆ," ಅಂದ ತಮ್ಮ. ರೆಪ್ಪೆಯೂ ಅಲುಗಲಿಲ್ಲ. "ಬೇಕಾದ್ರೆ ಅಕ್ಕನ್ನೇ ಕೇಳಿ."

ಅವಳು ತಗಡನ್ನು ನೋಡಿದಳು. ತುಕ್ಕಿನ ಚುಕ್ಕೆಯೂ ಇರಲಿಲ್ಲ.

"ತುಕ್ಕಿರಲಿಲ್ಲ. ಇವನು ಗನ್ ತೀರಾ ಹತ್ರ ಹಿಡಿದ. ನಾನು ನೋಡ್ದೆ."

ದರ್ಜಿ ತಮ್ಮನ ಕಡೆ ತಿರುಗಲೂ ಇಲ್ಲ. "ನಾನು ಕೊಟ್ಟು ಹೋಗಿದ್ದು ನಿಮ್ಮ ಕೈಗಲ್ವೇನಮ್ಮ?" ಅಂದರು. ಅವಳು ತಲೆ ತಗ್ಗಿಸಿದಳು. ಪೇಂಟ್ ಮಾಡಿಸಿಕೊಡುತ್ತೇನೆ ಅಂದಳು. ಬೇಡವೆಂದು ಕೈಯಾಡಿಸಿ, ಅರ್ಧ ಒದ್ದೆಯಾಗಿದ್ದ ಕಾರನ್ನು ಹಾಗೇ ತೆಗೆದುಕೊಂಡು ಹೋದರು.

"ಒಡಹುಟ್ಟಿದವನ ಮಾನ ಬೀದೀಲಿ ಕಳೆದ್ಯಲ್ಲ," ಎಂದು ತಮ್ಮ ಹಲ್ಲು ಕಡಿದ.

"ಕೋಳಿ ಹಿಕ್ಕೆ ಬಾಯಿಗೆ ಬಿದ್ದಾಗ ಉಗಿದೆ. ನೀನು ನನ್ನ ಬಾಯಲ್ಲಿ ಸುಳ್ಳು ಆಡಿಸೋಕೆ ನೋಡಿದ್ಯಲ್ಲ, ಅದನ್ನ ಎಲ್ಲಿ ಉಗೀಲಿ? ನಾಳೆಯಿಂದ ನಿನ್ನ ಮೆಷಿನ್ ಇಲ್ಲಿ ಇರಬಾರ್ದು."

ಮೆಷಿನ್ನು ತಮ್ಮನ ಜೊತೆ ಲಾರಿ ನಿಲ್ದಾಣಕ್ಕೆ ಹೋಯಿತು. ಲಾರಿಯ ಚಕ್ರಕ್ಕೆ ಮೆತ್ತಿದ ಕೆಸರಿಗೆ ಅದೇ ಸರಿಯಾದದ್ದು. ತಮ್ಮನಿಗೆ ಕೈತುಂಬ ಕೆಲಸ. ಅದನ್ನು ಅವಳೂ ಒಪ್ಪುತ್ತಾಳೆ. ದರ್ಜಿ ಮತ್ತೆ ಶೆಡ್ಡಿನ ಕಡೆ ಬರಲಿಲ್ಲ. ಒಮ್ಮೆ ಸಿಗ್ನಲ್ಲಿನಲ್ಲಿ ಆ ಕಾರು ಕಂಡಿತು. ಬಾನೆಟ್ಟಿಗೆ ಹಚ್ಚಿದ್ದ ತೇಪೆ ಬೇರೆಯದೇ ನೀಲಿ. ಅವಳು ಮುಖ ತಿರುಗಿಸಿ ನಿಂತಳು.

ತಮ್ಮ ಈಗಲೂ ರಜೆಯ ದಿನ ಮನೆಗೆ ಊಟಕ್ಕೆ ಬರುತ್ತಾನೆ. ಏನೂ ನಡೆದೇ ಇಲ್ಲವೆಂಬಂತೆ ಲಾರಿ ಡ್ರೈವರುಗಳ ಜೋಕು ಹೇಳಿ, ತಾನೇ ಮೊದಲು ನಗುತ್ತಾನೆ. ಒಡಹುಟ್ಟಿದವನಲ್ಲವೇ, ಬಡಿಸುತ್ತಾಳೆ, ಎರಡನೇ ಸಲ ಕೇಳಿಯೂ ಬಡಿಸುತ್ತಾಳೆ. ಅವನ ಪಕ್ಕ ಕೂತು ಉಣ್ಣಲು ಮಾತ್ರ ಇನ್ನೂ ಆಗಿಲ್ಲ.